ಭಾವಚಿತ್ರದಲ್ಲಿ ಭಾವ ಎಲ್ಲಿದೆ?

ಸರ್ಕಾರಿ ಅರ್ಜಿ ಫಾರಂಗಳಲ್ಲಿ ಮೇಲೆ ಬಲಗಡೆ ಒಂದು ಚೌಕ ಇರುತ್ತೆ ನೋಡಿ, "ಇತ್ತೀಚಿನ ಭಾವಚಿತ್ರ ಅಂಟಿಸಿ" ಅಂತ. ಎಷ್ಟು ಚೆಂದದ ಪದ ಅಲ್ವಾ? ಭಾವದ ಚಿತ್ರ! ಆದರೆ ಅಲ್ಲಿ ಅಂಟಿಸಬೇಕಾದ್ದು ಮಾತ್ರ ಭಾವವೇ ಇಲ್ಲದ ಚಿತ್ರ. ನಗಬಾರದು, ತಲೆ ವಾಲಿಸಬಾರದು, ಮುಖದ ಮೇಲೆ ನೆರಳು ಬೀಳಬಾರದು, ಹಿಂದೆ ಬಿಳಿ ಪರದೆ ಇರಬೇಕು. ಸ್ಟುಡಿಯೋದವನು "ಗಲ್ಲ ಸ್ವಲ್ಪ ಮೇಲೆ ಸಾರ್" ಅಂತಾನೆ, ಒಂದು ಫ್ಲಾಶ್, ಹತ್ತು ನಿಮಿಷದಲ್ಲಿ ಎಂಟು ಕಾಪಿ ಕತ್ತರಿಸಿ ಕವರಿನಲ್ಲಿ ಹಾಕಿ ಕೊಡ್ತಾನೆ. ಆ ಎಂಟರಲ್ಲೂ ಇರೋನು ನಾನೇ. ಏರ್‌ಪೋರ್ಟಿನ ಆಫೀಸರಿಗೂ ಅದರಲ್ಲಿ ಅನುಮಾನ ಬರಲ್ಲ. ಆದರೆ ಅಮ್ಮ ನೋಡಿದರೆ "ಇದೇನೋ ಹಿಂಗಿದೀಯ" ಅಂತಾಳೆ.

ಇಬ್ಬರೂ ಸರಿ. ಆಫೀಸರಿಗೆ ಬೇಕಾದ್ದು ಗುರುತು. ಅಮ್ಮ ಹುಡುಕೋದು ಮಗನನ್ನ. ಇವೆರಡರ ನಡುವಿನ ವ್ಯತ್ಯಾಸ ಏನು ಅನ್ನೋದೇ ಈ ಬರಹದ ವಿಷಯ. ನಾನು ಕಲಾ ವಿಮರ್ಶಕನೇನಲ್ಲ. ಇಂಜಿನಿಯರಿಂಗ್ ಓದಿ, ಬೆಳಗಿಂದ ಸಂಜೆವರೆಗೆ ಕೋಡ್ ಬರೆಯೋ ಪ್ರಾಣಿ. ಆದರೆ ಈಗ ದೊಡ್ಡ ದೊಡ್ಡ ಮ್ಯೂಸಿಯಂಗಳೆಲ್ಲ ತಮ್ಮ ಚಿತ್ರಗಳನ್ನ ಕುಂಚದ ಗೆರೆ ಕಾಣೋಷ್ಟು ದೊಡ್ಡದಾಗಿ ಅಂತರ್ಜಾಲದಲ್ಲಿ ಇಟ್ಟಿವೆ. ಬಿಲ್ಡ್ ಓಡುವಾಗ ಸಿಗೋ ಹತ್ತು ನಿಮಿಷದಲ್ಲಿ ಅವನ್ನ ಜೂಮ್ ಮಾಡಿ ನೋಡೋದು ನನಗೆ ಒಂದು ಚಟ. ಹಾಗೆ ನೋಡ್ತಾ ನೋಡ್ತಾ ನನ್ನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಬರೆದ ಚಿತ್ರದಲ್ಲಿ ಒಬ್ಬರ ಸ್ವಭಾವ, ಆ ಹೊತ್ತಿನ ಮನಸ್ಸು ಕಾಣುತ್ತೆ ಅಂದರೆ ಅದಕ್ಕೆ ಕಾರಣ ಮುಖದ ಹೋಲಿಕೆ ಅಲ್ಲ. ಎದುರಿಗೆ ಒಬ್ಬ ಕೂತು ಗಂಟೆಗಟ್ಟಲೆ ನೋಡಿ, ಏನನ್ನ ಇಟ್ಟುಕೊಳ್ಳಬೇಕು ಏನನ್ನ ಬಿಡಬೇಕು ಅಂತ ಮಾಡಿದ ತೀರ್ಮಾನಗಳು ಕಾರಣ. ಭಾವಚಿತ್ರ ಅನ್ನೋದು ಒಂದು ಸಾಕ್ಷಿ ಹೇಳಿಕೆ. ನೋಡಿದವನು ಇರಲೇಬೇಕು.

ಉದಾಹರಣೆಗೆ 1650ರ ರೋಮ್ ನಗರಕ್ಕೆ ಹೋಗೋಣ.

ಸ್ಪೇನಿನ ದೊರೆ ನಾಲ್ಕನೇ ಫಿಲಿಪ್‌ನ ಆಸ್ಥಾನ ಕಲಾವಿದ ವೆಲಾಸ್ಕೆಸ್ ಆಗ ರೋಮ್‌ನಲ್ಲಿದ್ದ. ಆ ಒಂದೇ ವರ್ಷದಲ್ಲಿ ಆತ ಇಬ್ಬರು ಗಂಡಸರ ಚಿತ್ರ ಬರೆದ. ಒಬ್ಬ ಹತ್ತನೇ ಇನೊಸೆಂಟ್, ಆಗಿನ ಪೋಪ್, ವಯಸ್ಸು ಎಪ್ಪತ್ತೈದರ ಆಸುಪಾಸು. ಇನ್ನೊಬ್ಬ ಹುವಾನ್ ದ ಪರೇಹಾ, ವೆಲಾಸ್ಕೆಸ್‌ನ ಚಿತ್ರಶಾಲೆಯಲ್ಲಿ ಕೆಲಸ ಮಾಡುತ್ತಿದ್ದವನು. ಕೆಲಸದವನು ಅಂದರೆ ಸಂಬಳದವನಲ್ಲ, ವೆಲಾಸ್ಕೆಸ್‌ನ ಗುಲಾಮ.

ಪೋಪ್‌ನ ಚಿತ್ರ ರೋಮ್‌ನ ದೋರಿಯಾ ಪಾಂಫಿಲಿ ಗ್ಯಾಲರಿಯಲ್ಲಿದೆ. ಕೆಂಪು ಪರದೆಯ ಮುಂದೆ ಕೆಂಪು ಕುರ್ಚಿ, ಅದರಲ್ಲಿ ಕೆಂಪು ಟೋಪಿ, ಕೆಂಪು ಮೇಲಂಗಿ ಹಾಕಿ ಕೂತ ಕೆಂಪು ಮುಖದ ಮುದುಕ. ಬೇರೆಯವನಾಗಿದ್ದರೆ ಇಷ್ಟೊಂದು ಕೆಂಪಿನಲ್ಲಿ ಮುಖವೇ ಕಳೆದುಹೋಗ್ತಿತ್ತು. ಇಲ್ಲಿ ಹಾಗಾಗಿಲ್ಲ. ತುಟಿ ಬಿಗಿದಿದೆ, ಹುಬ್ಬು ಗಂಟಾಗಿದೆ, ಕಣ್ಣು ನಮ್ಮನ್ನ ಅಳೀತಾ ಇದೆ. ಬಲಗೈ ಕುರ್ಚಿಯ ತೋಳಿನಿಂದ ಆರಾಮಾಗಿ ಇಳಿಬಿದ್ದ ಹಾಗಿದೆ. ಆದರೆ ಮುಖಕ್ಕೆ ಆ ಆರಾಮ ಇಲ್ಲ. ಕೈ ಒಂದು ಹೇಳುತ್ತೆ, ಮುಖ ಇನ್ನೊಂದು ಹೇಳುತ್ತೆ. ಯಾರನ್ನೂ ನಂಬದೆ, ಯಾರ ಎದುರೂ ಸಡಿಲ ಆಗದೆ ಇಷ್ಟು ದೂರ ಬಂದ ಮನುಷ್ಯ ಅಂತ ನನಗೆ ಅನ್ನಿಸೋದು ಈ ಜಗಳದಿಂದ. ಚಿತ್ರ ನೋಡಿದ ಪೋಪ್ "ತೀರಾ ನಿಜವಾಯ್ತು" ಅಂದನಂತೆ ಅನ್ನೋ ಕತೆ ಕೂಡ ಇದೆ. ಕತೆ ಕಟ್ಟಿದವರು ಯಾರೋ, ಚಿತ್ರವನ್ನಂತೂ ಸರಿಯಾಗಿ ನೋಡಿದ್ದಾರೆ.

ಪರೇಹಾನ ಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಇಲ್ಲಿ ಸಿಂಹಾಸನ ಇಲ್ಲ, ಪರದೆ ಇಲ್ಲ, ಚಿನ್ನ ಇಲ್ಲ. ಬೂದುಬಣ್ಣದ ಬರೀ ಹಿನ್ನೆಲೆ. ಕಪ್ಪಗಿನ ಉಡುಪು, ಅಗಲವಾದ ಬಿಳಿ ಕಾಲರ್, ಹೊಟ್ಟೆಗೆ ಅಡ್ಡವಾಗಿ ತಂದ ಬಲಗೈ. ದೇಹ ಒಂದು ಪಕ್ಕಕ್ಕೆ ತಿರುಗಿದೆ, ಆದರೆ ಕಣ್ಣು ನೇರ ನಮ್ಮ ಕಣ್ಣಲ್ಲಿ. ಬೇಡಿಕೊಳ್ಳೋ ನೋಟ ಅಲ್ಲ, ಎದುರು ಹಾಕಿಕೊಳ್ಳೋ ನೋಟವೂ ಅಲ್ಲ. "ಹೇಳಿ, ಏನಾಗಬೇಕಿತ್ತು?" ಅಂತ ಸಮಾನರ ಹತ್ತಿರ ಕೇಳೋ ನೋಟ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ನಿರಾಳವಾಗಿ ಕಾಣೋನು ಯಾರು? ನನಗಂತೂ ಗುಲಾಮ!

ಈ ಚಿತ್ರವನ್ನ 1650ರ ಮಾರ್ಚಿನಲ್ಲಿ ರೋಮ್‌ನ ಪ್ಯಾಂಥಿಯಾನ್‌ನಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು. ಅದೇ ವರ್ಷ ನವೆಂಬರ್‌ನಲ್ಲಿ ವೆಲಾಸ್ಕೆಸ್ ಆತನ ಬಿಡುಗಡೆಯ ಪತ್ರಕ್ಕೆ ಸಹಿ ಹಾಕಿದ, ಇನ್ನೂ ನಾಲ್ಕು ವರ್ಷ ದುಡಿಯಬೇಕು ಅನ್ನೋ ಷರತ್ತಿನ ಮೇಲೆ. ಪರೇಹಾ ಮುಂದೆ ತಾನೇ ಕಲಾವಿದನಾದ. 1661ರಲ್ಲಿ ಆತ ಬರೆದ ಸಂತ ಮ್ಯಾಥ್ಯೂ ಕುರಿತ ದೊಡ್ಡ ಚಿತ್ರ ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿದೆ. ಅದರ ಎಡತುದಿಯಲ್ಲಿ ತನ್ನನ್ನೇ ಬರೆದುಕೊಂಡು, ಕೈಯಲ್ಲಿ ತನ್ನ ಹೆಸರಿರೋ ಕಾಗದ ಹಿಡಿದು ನಿಂತಿದ್ದಾನೆ.

ಕಾನೂನಿನ ಕಣ್ಣಿಗೆ 1650ರ ಮಾರ್ಚಿನಲ್ಲಿ ಪರೇಹಾ ಒಂದು ಆಸ್ತಿ. ಆದರೆ ಆತನನ್ನ ಇಟ್ಟುಕೊಂಡಿದ್ದವನ ಕುಂಚ ಬರೆದದ್ದು ಪೂರ್ತಿ ಒಬ್ಬ ಮನುಷ್ಯನನ್ನ. ಕೂತು ನೋಡೋದರ ಶಕ್ತಿ ಅಂದರೆ ನನಗೆ ಇದು. ನೋಡೋನು ದೊಡ್ಡ ನ್ಯಾಯವಂತನೇ ಆಗಿರಬೇಕಿಲ್ಲ. ಗಮನ ಕೊಟ್ಟು ನೋಡಿದರೆ ಎದುರಿನವನು ಚಿತ್ರದೊಳಗೆ ಬಂದೇ ಬರ್ತಾನೆ.

ಸರಿ, ತಾಂತ್ರಿಕವಾಗಿ ಇದು ಹೇಗೆ ಆಗುತ್ತೆ? ನನ್ನ ವೃತ್ತಿಯ ಭಾಷೆಯಲ್ಲಿ ಹೇಳೋದಾದರೆ, ಭಾವಚಿತ್ರ ಒಂದು ಕಂಪ್ರೆಷನ್. ಜೆಪೆಗ್ ಫೈಲ್ ಗೊತ್ತಲ್ಲ? ನಮ್ಮ ಕಣ್ಣು ಅಷ್ಟಾಗಿ ಗಮನಿಸದ ಸೂಕ್ಷ್ಮ ವಿವರಗಳನ್ನ ಬಿಸಾಕಿ ಫೈಲನ್ನ ಚಿಕ್ಕದು ಮಾಡುತ್ತೆ. ಆದರೆ ಬಿಸಾಕೋದಕ್ಕೆ ಅದಕ್ಕಿರೋದು ಒಂದೇ ನಿಯಮ. ನಿಮ್ಮ ಅಜ್ಜಿಗೂ ಅದೇ, ಆಲೂಗಡ್ಡೆ ಮೂಟೆಗೂ ಅದೇ. ಚಿತ್ರಕಾರನೂ ಬಿಸಾಕ್ತಾನೆ, ಆದರೆ ಪ್ರತಿ ಮನುಷ್ಯನಿಗೂ ಬೇರೆ ನಿಯಮ ಮಾಡ್ಕೋತಾನೆ.

ರೆಂಬ್ರಾಂಟ್‌ನ ಮುದಿ ವಯಸ್ಸಿನ ಒಂದು ಸ್ವಚಿತ್ರ ಲಂಡನ್ನಿನ ಕೆನ್‌ವುಡ್ ಹೌಸ್‌ನಲ್ಲಿದೆ. ಬರೆದದ್ದು 1665ರ ನಂತರ ಅಂತಾರೆ. 1656ರಲ್ಲಿ ಆತ ದಿವಾಳಿಯಾಗಿದ್ದ, ಮನೆ ಸಾಮಾನೆಲ್ಲ ಹರಾಜಾಗಿತ್ತು. ಈ ಚಿತ್ರದಲ್ಲಿ ಮುಖದ ಮೇಲೆ ಬಣ್ಣ ದಪ್ಪ ದಪ್ಪವಾಗಿ ಕೂತಿದೆ. ಕಣ್ಣಿನ ಕೆಳಗಿನ ಚೀಲ, ಮೂಗಿನ ತುದಿಯ ಹೊಳಪು ಎಲ್ಲ ಇದೆ. ಆದರೆ ಬಣ್ಣದ ಹಲಗೆ ಮತ್ತು ಕುಂಚ ಹಿಡಿದ ಕೈ? ಕೈಯೇ ಇಲ್ಲ! ನಾಲ್ಕಾರು ಒರಟು ಗೆರೆ ಎಳೆದು ಬಿಟ್ಟಿದ್ದಾನೆ. ಕೈ ಬರೆಯೋಕೆ ಬರದೆ ಬಿಟ್ಟವನಲ್ಲ ಅವನು. ನೀವು ಮುಖ ನೋಡಿ, ಕೈ ಸಾಕು ಇಷ್ಟಕ್ಕೆ, ಅನ್ನೋ ಹಾಗಿದೆ. ಸಾಲಗಾರರು ಬಂದು ಹೋದಮೇಲೆ ಉಳಿದದ್ದು ಏನು ಅನ್ನೋದಕ್ಕೆ ಅವನ ಉತ್ತರ ಆ ಮುಖದಲ್ಲಿದೆ. ಸೋತ ಮುಖ ಅಂತ ನನಗೆ ಅನ್ನಿಸಲ್ಲ. ಲೆಕ್ಕ ಮುಗಿಸಿ ಪುಸ್ತಕ ಮಡಚಿಟ್ಟವನ ಮುಖ ಅದು.

ಬಿಡೋದರಲ್ಲಿ ಇನ್ನೊಂದು ರೀತಿ ಇದೆ, ಮಸುಕು ಮಾಡೋದು. ಮೊನಾಲೀಸಾಳ ನಗು ಬಗ್ಗೆ ಕೇಳಿ ಕೇಳಿ ಎಲ್ಲರಿಗೂ ಸಾಕಾಗಿದೆ, ನನಗೂ. ಆದರೆ ಅದರ ಹಿಂದಿನ ಎಂಜಿನಿಯರಿಂಗ್ ಮಾತ್ರ ಸಖತ್. ಮುಖದಲ್ಲಿ ಮನಸ್ಸು ಹೆಚ್ಚಾಗಿ ಗೊತ್ತಾಗೋದು ಎರಡು ಜಾಗದಲ್ಲಿ, ಕಣ್ಣಿನ ತುದಿ ಮತ್ತು ತುಟಿಯ ತುದಿ. ಲಿಯೊನಾರ್ಡೊ ಆ ಎರಡೂ ಜಾಗವನ್ನ ಬೇಕಂತಲೇ ಹೊಗೆಯ ಹಾಗೆ ಕರಗಿಸಿಬಿಟ್ಟಿದ್ದಾನೆ. ಹಾರ್ವರ್ಡ್‌ನ ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ 2000ದಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ನಾವು ನೇರ ನೋಡೋ ಜಾಗದಲ್ಲಿ ಕಣ್ಣು ಸೂಕ್ಷ್ಮ ಗೆರೆಗಳನ್ನ ಹಿಡಿಯುತ್ತೆ, ಅಂಚಿನ ನೋಟಕ್ಕೆ ದೊಡ್ಡ ದೊಡ್ಡ ನೆರಳು ಮಾತ್ರ ಸಿಗುತ್ತೆ. ಆ ನಗು ಇರೋದು ನೆರಳಿನಲ್ಲಿ. ಹಾಗಾಗಿ ಅವಳ ಕಣ್ಣು ನೋಡುವಾಗ ಬಾಯಿ ನಗುತ್ತೆ, ಬಾಯಿಯನ್ನೇ ನೋಡೋಕೆ ಹೋದರೆ ನಗು ಕಮ್ಮಿಯಾಗುತ್ತೆ. ನಮ್ಮ ಜೊತೆ ಮಾತಾಡ್ತಾ ಕೂತವರ ಮನಸ್ಸು ನಮಗೆ ಸಿಗೋದೂ ಹೀಗೇ ಅಲ್ವಾ? ದಿಟ್ಟಿಸಿ ನೋಡಿದರೆ ಬಚ್ಚಿಟ್ಟುಕೊಳ್ಳುತ್ತೆ.

ಕೈ, ಕೂತ ಭಂಗಿ, ಮಸುಕು ಆಯ್ತು. ಇನ್ನು ಬೆಳಕು. ಇದಕ್ಕೆ ರೋಮ್, ಲಂಡನ್ ಬೇಡ, ಮೈಸೂರಿನ ಜಗನ್ಮೋಹನ ಅರಮನೆ ಸಾಕು. ದೀಪ ಹಿಡಿದ ಹೆಂಗಸಿನ ಚಿತ್ರ ನೋಡದೆ ಅಲ್ಲಿಂದ ಯಾರೂ ಬರಲ್ಲ. ಇವತ್ತಿಗೂ ಎಷ್ಟೋ ಜನ ಅದನ್ನ ರವಿವರ್ಮನದ್ದು ಅಂದುಕೊಂಡಿದ್ದಾರೆ. ಅಲ್ಲ, ಅದು ಎಸ್. ಎಲ್. ಹಲ್ದಂಕರ್ 1945-46ರ ಸುಮಾರಿಗೆ ಬರೆದ ಜಲವರ್ಣ ಚಿತ್ರ. ಎದುರು ನಿಂತವಳು ಅವರ ಮಗಳು ಗೀತಾ. ಆ ಚಿತ್ರದಲ್ಲಿ ಮುಖಕ್ಕಿಂತ ಹೆಚ್ಚು ಕೆಲಸ ಮಾಡೋದು ಬೆರಳು. ದೀಪಕ್ಕೆ ಮರೆ ಹಿಡಿದ ಕೈಯ ಬೆರಳುಗಳ ಸಂದಿಯಲ್ಲಿ ಬೆಳಕು ಕೆಂಪಗೆ ತೂರಿ ಬರುತ್ತೆ. ದೀಪ ಆರಬಾರದು ಅನ್ನೋ ಒಂದು ಕಾಳಜಿ, ಅಷ್ಟೇ ಅಲ್ಲಿರೋ ಭಾವ. ಅದನ್ನ ಮುಖದಲ್ಲಿ ನಟಿಸಿ ತೋರಿಸಬೇಕಾಗಿಲ್ಲ, ಕೈಯೇ ಹೇಳಿಬಿಡುತ್ತೆ. ಮಗಳನ್ನ ದಿನಾ ನೋಡ್ತಿದ್ದ ಅಪ್ಪ ಬರೆದದ್ದು ಅನ್ನೋದು ಕಾಕತಾಳೀಯ ಅಂತ ನನಗೆ ಅನ್ನಿಸಲ್ಲ.

ಹಾಗಂತ ಇಷ್ಟು ಹತ್ತಿರದಿಂದ ನೋಡಿಸಿಕೊಳ್ಳೋದು ಎಲ್ಲರಿಗೂ ಇಷ್ಟ ಆಗಲ್ಲ. 1954ರಲ್ಲಿ ವಿನ್‌ಸ್ಟನ್ ಚರ್ಚಿಲ್‌ಗೆ ಎಂಬತ್ತು ತುಂಬಿದಾಗ ಬ್ರಿಟಿಷ್ ಸಂಸತ್ತಿನವರು ಗ್ರಹಾಂ ಸದರ್ಲೆಂಡ್ ಹತ್ತಿರ ಚಿತ್ರ ಬರೆಸಿ ಉಡುಗೊರೆ ಕೊಟ್ಟರು. ಕಲಾವಿದನಿಗೆ ಎದುರು ಕೂತ ಚರ್ಚಿಲ್‌ಗೆ ಹಿಂದಿನ ವರ್ಷವಷ್ಟೇ ಪಾರ್ಶ್ವವಾಯು ಬಡಿದಿತ್ತು. ಸದರ್ಲೆಂಡ್ ಬರೆದದ್ದು ಯುದ್ಧ ಗೆದ್ದ ವೀರನನ್ನಲ್ಲ, ಕುರ್ಚಿಯ ಎರಡೂ ತೋಳನ್ನ ಗಟ್ಟಿಯಾಗಿ ಹಿಡಿದು ಕುಸಿದು ಕೂತ ಮುದುಕನನ್ನ. ಚರ್ಚಿಲ್‌ಗೆ ಉರಿದುಹೋಯ್ತು. ಸಮಾರಂಭದಲ್ಲಿ ಇದು ಆಧುನಿಕ ಕಲೆಗೆ ಗಮನಾರ್ಹ ಉದಾಹರಣೆ ಅಂತ ವ್ಯಂಗ್ಯವಾಗಿ ಹೇಳಿ ಎಲ್ಲರನ್ನೂ ನಗಿಸಿದ. ಆಮೇಲೆ ಮನೆಯವರು ಆ ಚಿತ್ರವನ್ನೇ ನಾಶ ಮಾಡಿಸಿದರು. ಅದು ಲೋಕಕ್ಕೆ ಗೊತ್ತಾಗಿದ್ದು 1978ರಲ್ಲಿ. ಚರ್ಚಿಲ್ ಬಗ್ಗೆ ನಮ್ಮ ದೇಶದವರಿಗೆ ಹೇಳೋಕೆ ಬೇರೆಯೇ ಬೇಕಾದಷ್ಟಿದೆ, ಅದು ಇರಲಿ. ಒಂದು ಮಾತು ಮಾತ್ರ ನಿಜ, ಸುಳ್ಳು ಚಿತ್ರವನ್ನ ಯಾರೂ ಅಷ್ಟು ಕಷ್ಟಪಟ್ಟು ನಾಶ ಮಾಡಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತೆ. "ಇದೆಲ್ಲ ನೀನು ಕತೆ ಓದಿಕೊಂಡು ಬಂದು ಚಿತ್ರದಲ್ಲಿ ಕಾಣ್ತಿರೋದು. ಹೆಸರು ಗೊತ್ತಿಲ್ಲದಿದ್ದರೆ ಪೋಪೂ ಒಂದೇ, ಪಕ್ಕದ ಮನೆ ತಾತನೂ ಒಂದೇ." ತಳ್ಳಿಹಾಕೋ ಮಾತಲ್ಲ ಇದು. ಇದಕ್ಕೂ ಉದಾಹರಣೆ ಮೈಸೂರಿನದೇ ಇದೆ.

ಥಾಮಸ್ ಹಿಕಿ ಅನ್ನೋ ಐರಿಶ್ ಕಲಾವಿದ 1805ರ ಸುಮಾರಿಗೆ ಮೂವರು ಹೆಂಗಸರ ಚಿತ್ರ ಬರೆದಿದ್ದ. ಬಹಳ ಕಾಲ ಅದನ್ನ ಯಾರೋ ನರ್ತಕಿಯರ, ವೇಶ್ಯೆಯರ ಚಿತ್ರ ಅಂತಲೇ ಅಂದುಕೊಂಡಿದ್ದರು. ಇತಿಹಾಸಕಾರ ನೈಜೆಲ್ ಚಾನ್ಸಲರ್ ಬೇರೆ ವಾದ ಮುಂದಿಟ್ಟರು. ಇವರು ಮೈಸೂರಿನ ಅರಮನೆಯವರು, ಮಧ್ಯೆ ಇರೋದು ಮುಮ್ಮಡಿ ಕೃಷ್ಣರಾಜ ಒಡೆಯರ ಅಜ್ಜಿ ಲಕ್ಷ್ಮಮ್ಮಣ್ಣಿ, ಎರಡೂ ಪಕ್ಕ ದೇವಾಜಮ್ಮಣ್ಣಿ ಅನ್ನೋ ಒಂದೇ ಹೆಸರಿನ ಇಬ್ಬರು ರಾಣಿಯರು, ಮತ್ತು ಚಿತ್ರದ ಉದ್ದೇಶ ಸಿಡುಬಿನ ಲಸಿಕೆಯ ಪ್ರಚಾರ ಅಂತ. ಬಲಗಡೆಯವಳು ಸೀರೆಯ ಸೆರಗನ್ನ ಸರಿಸಿ ತೋಳಿನ ಕಡೆ ಕೈ ತೋರಿಸ್ತಾಳೆ. ನರ್ತಕಿ ಅಂದುಕೊಂಡು ನೋಡಿದರೆ ಅದು ಒಯ್ಯಾರ. ಲಸಿಕೆ ಹಾಕಿಸಿಕೊಂಡ ಜಾಗ ಅಂತ ತಿಳಿದು ನೋಡಿದರೆ ಅದು ಧೈರ್ಯ. ಕೈ ಅದೇ, ಬಣ್ಣ ಅದೇ!

ಅಂದರೆ ಚಿತ್ರದಲ್ಲಿ ಕಂಡ ಸ್ವಭಾವವನ್ನ ಕೋರ್ಟಿನಲ್ಲಿ ಪುರಾವೆ ಅಂತ ಹಾಜರುಪಡಿಸೋಕೆ ಆಗಲ್ಲ. ನನ್ನ ವೃತ್ತಿಯವರು ಇದನ್ನ ಚೆನ್ನಾಗಿ ನೆನಪಿಡಬೇಕು. ಮುಖ ನೋಡಿ ಮನಸ್ಸು ಹೇಳ್ತೀವಿ ಅಂತ ಸಾಫ್ಟ್‌ವೇರ್ ಮಾರೋರು ಇದ್ದಾರೆ, ಇಂಟರ್‌ವ್ಯೂಗೂ ಅದನ್ನ ಬಳಸೋಕೆ ಹೊರಟವರಿದ್ದಾರೆ. ಯುರೋಪಿನ ಒಕ್ಕೂಟ 2024ರ ತನ್ನ ಕೃತಕ ಬುದ್ಧಿಮತ್ತೆ ಕಾಯ್ದೆಯಲ್ಲಿ ಕೆಲಸದ ಜಾಗದಲ್ಲಿ, ಶಾಲೆಗಳಲ್ಲಿ ಇಂಥದ್ದನ್ನ ನಿಷೇಧಿಸಿದೆ, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನ ಬಿಟ್ಟು. ಒಳ್ಳೇದೇ ಆಯ್ತು. ಸಾಫ್ಟ್‌ವೇರು "ಇವನು ಹೀಗೆ" ಅಂತ ತೀರ್ಪು ಕೊಡುತ್ತೆ. ಚಿತ್ರಕಾರ "ನನಗೆ ಇವನು ಹೀಗೆ ಕಂಡ" ಅಂತ ಹೇಳಿ ಕೆಳಗೆ ಸಹಿ ಹಾಕ್ತಾನೆ. ಸಾಕ್ಷಿ ತಪ್ಪಿರಬಹುದು, ಪಕ್ಷಪಾತಿಯಾಗಿರಬಹುದು. ಆದರೆ ಸಾಕ್ಷಿಯನ್ನ ನಾವು ಪ್ರಶ್ನೆ ಮಾಡಬಹುದು, ಯಾಕಂದರೆ ಅಲ್ಲೊಬ್ಬ ಮನುಷ್ಯ ಇದ್ದಾನೆ.

ಇದೆಲ್ಲ ಇಷ್ಟು ತಲೆ ಕೆಡಿಸಿಕೊಂಡು ಬರೆಯೋಕೆ ಮನೆಯದೇ ಒಂದು ಕಾರಣ ಇದೆ. ನಮ್ಮ ತಾತನದ್ದು ಉಳಿದಿರೋದು ಒಂದೇ ಫೋಟೋ. ಹಾಸನದ ಸ್ಟುಡಿಯೋದಲ್ಲಿ ಬ್ಯಾಂಕಿನ ಪಾಸ್‌ಬುಕ್ಕಿಗೆ ಅಂತ ತೆಗೆಸಿದ ಕಪ್ಪು ಬಿಳುಪಿನ ಪುಟ್ಟ ಫೋಟೋ. ಚಿಕ್ಕಪ್ಪನ ಮಗ ಅದನ್ನ ಯಾವುದೋ ಆಪ್‌ಗೆ ಹಾಕಿ "ತೈಲವರ್ಣ" ಮಾಡಿಸಿ, ದೊಡ್ಡ ಪ್ರಿಂಟ್ ತೆಗೆಸಿ, ಕಟ್ಟು ಹಾಕಿಸಿ ತಂದ. ನೋಡೋಕೆ ಭರ್ಜರಿಯಾಗಿತ್ತು. ಸುಕ್ಕೆಲ್ಲ ಮಾಯ, ಕಣ್ಣಲ್ಲಿ ಮಿಂಚು, ತುಟಿಯಲ್ಲಿ ತಿಳಿನಗು, ಎದೆ ಸೆಟೆಸಿ ಕೂತ ಜಮೀನ್ದಾರರ ಗತ್ತು. ಎಲ್ಲರೂ ಚೆನ್ನಾಗಿದೆ ಅಂದರು. ಅಜ್ಜಿ ಕನ್ನಡಕ ಹಾಕಿಕೊಂಡು ಸುಮಾರು ಹೊತ್ತು ನೋಡಿದಳು. ಕೊನೆಗೆ, "ನಿಮ್ ತಾತ ಯಾವತ್ತು ಹಿಂಗೆ ನೆಟ್ಟಗೆ ಕೂತಿದ್ರು ಮಗ?" ಅಂದಳು.

ಆಮೇಲೆ ಅವಳೇ ಹೇಳ್ತಾ ಹೋದಳು. ತಾತನಿಗೆ ಬಲಗಿವಿ ಕೇಳ್ತಿರಲಿಲ್ಲವಂತೆ, ಅದಕ್ಕೆ ಯಾವಾಗಲೂ ಎಡಗಿವಿ ಮುಂದೆ ಮಾಡಿ ಸ್ವಲ್ಪ ವಾಲಿ ಕೂರೋರಂತೆ. ಯಾರು ಮಾತಾಡಿದರೂ ಪೂರ್ತಿ ಕೇಳೋವರೆಗೆ ಅವರ ಕೈ ಮಂಡಿ ಮೇಲಿಂದ ಅಲ್ಲಾಡ್ತಿರಲಿಲ್ಲವಂತೆ. "ಊರೋರೆಲ್ಲ ನ್ಯಾಯ ಹೇಳೋಕೆ ಅವರನ್ನೇ ಕರೀತಿದ್ರು. ಕೇಳಿಸ್ಕಳೋರು ಅವರೊಬ್ರೇ ಅಲ್ವಾ ಅದಕ್ಕೆ" ಅಂತ ನಕ್ಕಳು. ಕಿವಿ ಕೇಳದ ಮನುಷ್ಯ ಊರಿಗೆಲ್ಲ ಕೇಳಿಸಿಕೊಳ್ಳೋನು! ನಾನು ಹುಟ್ಟೋಕೆ ಮೊದಲೇ ಹೋದ ತಾತ ನನಗೆ ಕಂಡದ್ದು ಆ ದೊಡ್ಡ ಚಿತ್ರದಲ್ಲಿ ಅಲ್ಲ, ಅಜ್ಜಿಯ ಈ ಎರಡು ಮಾತಿನಲ್ಲಿ. ಆ ವಾಲಿದ ಕುತ್ತಿಗೆ, ಮಂಡಿ ಮೇಲಿನ ಕೈ, ಇವೆರಡನ್ನ ಯಾರಾದರೂ ಬರೀ ಪೆನ್ಸಿಲ್‌ನಲ್ಲಿ ಗೀಚಿದ್ದರೂ ಸಾಕಿತ್ತು.

ಆಪ್‌ನ ತಪ್ಪೇನಿಲ್ಲ. ಅದು ತಾತನನ್ನ ನೋಡಿಲ್ಲ. ಲಕ್ಷಾಂತರ ಮುಖಗಳ ಸರಾಸರಿ ಅದಕ್ಕೆ ಗೊತ್ತು, ಗೊತ್ತಿಲ್ಲದ ಜಾಗವನ್ನೆಲ್ಲ ಆ ಸರಾಸರಿಯಿಂದ ತುಂಬುತ್ತೆ. ಸ್ವಭಾವ ಅನ್ನೋದು ಇರೋದೇ ಸರಾಸರಿಯಿಂದ ಆಚೆಗೆ ವಾಲಿದ ಜಾಗದಲ್ಲಿ. ನನಗೆ ಹೆದರಿಕೆ ಇರೋದು ಬೇರೆ. ಇನ್ನೊಂದು ಇಪ್ಪತ್ತು ವರ್ಷಕ್ಕೆ ನಮ್ಮ ಮನೆಯ ಮಕ್ಕಳು ಆ ಗೋಡೆ ನೋಡಿಕೊಂಡು ಬೆಳೀತಾರೆ. ಅಜ್ಜಿ ಇರಲ್ಲ. ಆಗ ತಾತ ಅಂದರೆ ಎದೆ ಸೆಟೆಸಿ ಕೂತ ಆ ಜಮೀನ್ದಾರರೇ ಆಗಿಬಿಡ್ತಾರೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಹೋದವರ ಚಿತ್ರ ಮಾಡಿಸೋದಾದರೆ, ಆ ಖರ್ಚು ಮಾಡೋ ಮೊದಲು ಅವರನ್ನ ಕಂಡವರ ಹತ್ತಿರ ಕೂತು ಕೇಳಿ. ಹೇಗೆ ಕೂರ್ತಿದ್ದರು, ಕೈ ಎಲ್ಲಿರ್ತಿತ್ತು, ಸಿಟ್ಟು ಬಂದರೆ ಎಲ್ಲಿ ನೋಡ್ತಿದ್ದರು. ಅದನ್ನೆಲ್ಲ ಬರೆದುಕೊಂಡು ಒಬ್ಬ ಚಿತ್ರಕಾರನ ಕೈಗೆ ಕೊಡಿ. ಇರೋರ ಚಿತ್ರ ಆದರೆ ಎದುರು ಕೂರಿಸಿ ಬರೆಸಿ. ಬೆಂಗಳೂರಿನಲ್ಲಿ ಪ್ರತಿ ವರ್ಷ ಜನವರಿಯಲ್ಲಿ ಚಿತ್ರಕಲಾ ಪರಿಷತ್ತಿನವರು ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ಮಾಡ್ತಾರಲ್ಲ, ಅಲ್ಲಿ ಸ್ಟೂಲ್ ಹಾಕಿಕೊಂಡು ಕೂತ ಹುಡುಗ ಹುಡುಗಿಯರು ನಿಮ್ಮನ್ನ ಎದುರು ಕೂರಿಸಿಕೊಂಡು ಬರೆದು ಕೊಡ್ತಾರೆ. ಮೂಗು ಸ್ವಲ್ಪ ಉದ್ದ ಆಗಬಹುದು, ಒಂದು ಕಿವಿ ದೊಡ್ಡದಾಗಬಹುದು :) ಆದರೆ ಅಷ್ಟು ಹೊತ್ತು ಒಬ್ಬರು ನಿಮ್ಮ ಅಪ್ಪನನ್ನೋ ಅಮ್ಮನನ್ನೋ ಬಿಟ್ಟು ಬೇರೇನನ್ನೂ ನೋಡಿರಲ್ಲ. ನಾವು ಮಕ್ಕಳೇ ಅವರನ್ನ ಹಾಗೆ ನೋಡಿ ಎಷ್ಟು ದಿನ ಆಯ್ತು, ನೀವೇ ಹೇಳಿ.